ಕೊತ್ತಂಬರಿ ಡಬ್ಬಿಯ ತೋಟಾಗಳು

ಹಿತ್ತಾಳೆ ತಟ್ಟೆಗೆ ಸೀಸದ ಚರೆ ಸುರಿಯುವ ಸದ್ದು ಈಗಲೂ ಕಿವಿಯಲ್ಲಿದೆ. ಎಂಟನೇ ನಂಬರಿನ ಚರೆಯಾದರೆ ಸೊರ್ರೆಂದು, ಮೊರದಿಂದ ರಾಗಿ ಜಾರಿದ ಹಾಗೆ. ಆರನೇ ನಂಬರು ಸ್ವಲ್ಪ ಒರಟು. ನಾಲ್ಕಾದರೆ ಕಾಳು ಕಾಳು ಬೇರೆಯಾಗಿ ಕೇಳಿಸುತ್ತಿತ್ತು. ಬಿಬಿ ಎಂದು ಕರೆಯುವ ದಪ್ಪ ಚರೆ ತಟ್ಟೆಯಲ್ಲಿ ಒಂದೆರಡು ಸಲ ಪುಟಿದು, ಅಂಚಿನವರೆಗೆ ಉರುಳಿ, ಟಕ್ಕೆಂದು ನಿಲ್ಲುತ್ತಿತ್ತು. ಕಣ್ಣು ಮುಚ್ಚಿ ನಂಬರು ಹೇಳಬಹುದಿತ್ತು, ಹೇಳುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಪಿಯಾನೋ ಕಲಿಸಲು ನೋಡಿದ ಸಿಸ್ಟರ್ ಒಬ್ಬರು "ಯು ಹ್ಯಾವ್ ನೋ ಇಯರ್, ಚೈಲ್ಡ್" ಎಂದು ಕೈಬಿಟ್ಟಿದ್ದರು. ನನಗೂ ಕಿವಿಯಿದೆ ಎಂದು ಗೊತ್ತಾದದ್ದು ಕಲ್ಪೆಟ್ಟದ ಕೋವಿ ಅಂಗಡಿಯಲ್ಲಿ.

ಆ ಅಂಗಡಿಯ ಕೌಂಟರಿನ ಹಿಂದೆ ನಾನು ನಲವತ್ತಕ್ಕೆ ಒಂದೆರಡು ಕಡಿಮೆ ವರ್ಷ ನಿಂತೆ. ಈಗ ಅಲ್ಲಿ ಕೆಲಸಕ್ಕೆ ಸೇರಿರುವ ಹುಡುಗಿ ಮೊನ್ನೆ ಮನೆಗೆ ಬಂದು, "ಮಿಸ್, ಕ್ಯಾಟಲಾಗಿನಲ್ಲಿ ಇಲ್ಲದ್ದನ್ನ ಬರೆದು ಕೊಡಿ" ಎಂದಳು. ಇವತ್ತಿನ ಗಿರಾಕಿಗಳು ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು, ಪಂಚಾಯಿತಿಯ ಅನುಮತಿಯಲ್ಲಿ ಹಂದಿ ಹೊಡೆಯುವವರು, ಬ್ಯಾಂಕಿನ ಕಾವಲುಗಾರರು. ನೀರಹಕ್ಕಿಗೆ ತೋಟಾ ಕೇಳುವವರು ಯಾರೂ ಇಲ್ಲ, ಇರಲೂ ಕೂಡದು. ಎಪ್ಪತ್ತರ ದಶಕದ ಆರಂಭದಲ್ಲಿ ಬಂದ ಕಾನೂನು ಆ ಬೇಟೆಗೆ ತೆರೆ ಎಳೆಯಿತು. ಆದರೆ ನಾನು ಕೆಲಸ ಕಲಿತದ್ದು ಅದಕ್ಕೆ ಹಿಂದಿನ ನಾಲ್ಕೈದು ವರ್ಷಗಳಲ್ಲಿ, ಕಾಡುಬಾತಿನ ಬೇಟೆಗೆ ಹೋಗುವವರಿಗೆ ತೋಟಾ ಆರಿಸಿ ಕೊಡುತ್ತಾ. ಆನೆಸ್ಟ್ಲಿ, ನನಗೆ ಹೇಳಲು ಬೇರೇನೂ ಇಲ್ಲ.

ನಮ್ಮ ಮನೆಯವರು ಬಹಳ ಹಿಂದೆ ಮೈಸೂರು ಸೀಮೆಯಿಂದ ಪನಮರಂ ಕಡೆಗೆ ಬಂದು ಗದ್ದೆ ಮಾಡಿದವರು. ಅಂಗಡಿಯ ಕೆಲಸ ಕೊಡಿಸಿದ್ದು ನನ್ನ ಸೋದರಮಾವ ಚಂದ್ರಯ್ಯಗೌಡರು. ಚಿನ್ನ ಹಿಡಿದ ಹಾಗೆ ಕೋವಿ ಹಿಡಿಯುವ ಮನುಷ್ಯ. ಅಂಗಡಿಯ ಹಳೆಯ ಗಿರಾಕಿ. ಅಂಗಡಿಯ ಮುದಲಾಳಿ, ಅಂದರೆ ಯಜಮಾನರು, ಗೋವಿಂದನ್ ನಂಬಿಯಾರ್. ಸೈನ್ಯದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವರು. ಬೆಂಗಳೂರಿನಲ್ಲಿ ಇದ್ದುದರಿಂದ ಕನ್ನಡ ಆಡುತ್ತಿದ್ದರು. ಪದಗಳು ಬೆಂಗಳೂರಿನವು, ರಾಗ ಮಲಬಾರಿನದು. ಲೈಸೆನ್ಸ್ ಆಫೀಸಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ಒಬ್ಬರು ಬೇಕಾಗಿದ್ದರು. ನನ್ನ ಇಂಟರ್ವ್ಯೂ ಒಂದೇ ಪ್ರಶ್ನೆ.

"ಕುಟ್ಟಿ, ಆರು ದೊಡ್ಡದೋ, ನಾಲ್ಕು ದೊಡ್ಡದೋ?"

"ಆರು."

"ಇಲ್ಲಿ ನಾಲ್ಕು ದೊಡ್ಡದು. ಶಾಲೆಯಲ್ಲಿ ಕಲಿತದ್ದನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ."

ಚರೆಯ ಲೆಕ್ಕವೇ ತಲೆಕೆಳಗು. ನಂಬರು ಏರಿದಷ್ಟೂ ಕಾಳು ಸಣ್ಣದು, ಒಂದು ತೋಟಾದೊಳಗೆ ಹಿಡಿಯುವ ಕಾಳುಗಳು ಹೆಚ್ಚು. ಇದನ್ನು ಗಿರಾಕಿಗಳಿಗೆ ವಿವರಿಸಿ ವಿವರಿಸಿ ಸೋತ ನಂಬಿಯಾರರು ತಮ್ಮದೇ ಒಂದು ಪದ್ಧತಿ ಮಾಡಿದ್ದರು. ತೋಟಾಗಳನ್ನು ಹಳೆಯ ಬಿಸ್ಕೆಟ್ ಡಬ್ಬಿಗಳಲ್ಲಿಟ್ಟು, ಪ್ರತಿ ಮುಚ್ಚಳದ ಮೇಲೂ ಅರಗಿನಿಂದ ಒಂದೊಂದು ಕಾಳು ಅಂಟಿಸಿದ್ದರು. ಎಂಟಕ್ಕೆ ರಾಗಿ. ಆರಕ್ಕೆ ದಪ್ಪ ಸಾಸಿವೆ. ನಾಲ್ಕಕ್ಕೆ ಕೊತ್ತಂಬರಿ. ಬಿಬಿಗೆ ಕರಿಮೆಣಸು. ಎಲ್ಲಕ್ಕಿಂತ ದಪ್ಪದ ಎಸ್‌ಜಿಗೆ ಕಾಫಿ ಬೀಜ. ಬೇಸಾಯ ಮಾಡುವವರಿಗೆ ಇದಕ್ಕಿಂತ ಸುಲಭದ ಭಾಷೆ ಇನ್ನೇನಿದೆ? ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಡಬ್ಬಿಗಳನ್ನು ನೋಡಿ, "ನಿಮ್ಮ ಲೈಸೆನ್ಸ್ ಕಿರಾಣಿಗೋ ಮದ್ದುಗುಂಡಿಗೋ?" ಎಂದು ಕೇಳಿದರು. "ಸಾರ್, ಅಡುಗೆ ಅವರವರ ಮನೆಯಲ್ಲಿ" ಎಂದರು ನಂಬಿಯಾರರು.

ಆರಿಸುವ ವಿದ್ಯೆ ಹೇಳುತ್ತೇನೆ. ಗದ್ದೆಯ ಕೆಸರಿನಿಂದ ಚಂಗನೆ ಏಳುವ ಸಣ್ಣ ಉಲ್ಲಂಕಿ ಹಕ್ಕಿಗೆ ರಾಗಿ. ಸಣ್ಣ ಬಾತಿಗೂ, ನಮ್ಮ ಕಡೆ ಎರಂಡ ಎಂದು ಕರೆಯುವ ಸಿಳ್ಳೆ ಹಾಕುವ ಬಾತಿಗೂ ಸಾಸಿವೆ. ಚಳಿಗಾಲದಲ್ಲಿ ಬರುವ ದೊಡ್ಡ ಬಾತಿಗೆ, ಅದೂ ಸ್ವಲ್ಪ ದೂರದಿಂದಾದರೆ, ಕೊತ್ತಂಬರಿ. ಮೆಣಸು ನೀರಹಕ್ಕಿಗೆ ಬೇಡವೇ ಬೇಡ, ಅದು ನರಿಗೆ. ಜನ ಒಪ್ಪುತ್ತಿರಲಿಲ್ಲ. ವೆಳ್ಳಮುಂಡದ ಒಬ್ಬರು ಬಾತಿಗೆ ಕಾಫಿ ಬೀಜವೇ ಬೇಕೆಂದು ಹಟ ಹಿಡಿದರು. "ಒಂದೇ ಈಡಿಗೆ ಹತ್ತು ಬೀಳ್ಬೇಕು" ಎಂದರು.

ನಂಬಿಯಾರರು ಕೈ ಮುಗಿದರು. "ಆ ತೋಟಾದೊಳಗೆ ಇರೋದೇ ಒಂಬತ್ತು ಕಾಳು. ಒಂಬತ್ತು ಕಾಫಿ ಬೀಜ ಆಕಾಶಕ್ಕೆ ಎರಚಿ ಹತ್ತು ಹಕ್ಕಿ ಕೆಡವಿದರೆ ಅಂಗಡಿ ನಿಮ್ಮ ಹೆಸರಿಗೆ ಬರೆದು ಕೊಡ್ತೇನೆ."

ಹೊಸ ಕೋವಿ ಕೊಂಡವರಿಗೆ ಅವರು ಇನ್ನೊಂದು ಕೆಲಸ ಹೇಳುತ್ತಿದ್ದರು. ನಲವತ್ತು ಹೆಜ್ಜೆ ದೂರದಲ್ಲಿ ಹಳೆಯ ಪೇಪರ್ ಕಟ್ಟಿ ಒಂದು ಈಡು ಹೊಡೆದು ಆ ಹಾಳೆಯನ್ನು ತರಬೇಕು. ರಟ್ಟಿನಲ್ಲಿ ಕತ್ತರಿಸಿದ ಬಾತಿನ ಆಕಾರವೊಂದು ನಮ್ಮಲ್ಲಿತ್ತು. ಅದನ್ನು ತೂತುಗಳ ಮೇಲೆ ಅಲ್ಲಲ್ಲಿ ಇಟ್ಟು ನೋಡುವುದು ನನ್ನ ಕೆಲಸ. ಬಾತಿನೊಳಗೆ ನಾಲ್ಕೈದು ತೂತು ಬಿದ್ದರೆ ಆ ಕೋವಿಗೆ ಆ ಚರೆ ಸರಿ. ಒಂದೋ ಎರಡೋ ಬಿದ್ದರೆ ಹಕ್ಕಿ ಗಾಯಗೊಂಡು ಹಾರಿಹೋಗಿ ಎಲ್ಲೋ ಸಾಯುತ್ತದೆ. ಆಗ ಒಂದು ಅಳತೆ ಸಣ್ಣ ಚರೆಗೆ ಇಳಿಯಬೇಕು. ಸೀಸದ ಕಾಳು ಕೆಸರಿನಲ್ಲಿ ಉಳಿದು, ಮರಳೆಂದು ನುಂಗಿದ ಹಕ್ಕಿಗಳಿಗೆ ವಿಷವಾಗುತ್ತದೆ ಎಂದು ನಮಗೆ ಆಗ ಗೊತ್ತಿರಲಿಲ್ಲ. ಈಗ ಎಷ್ಟೋ ದೇಶಗಳಲ್ಲಿ ಬಾತಿನ ಬೇಟೆಗೆ ಉಕ್ಕಿನ ಚರೆಯೇ ಆಗಬೇಕಂತೆ.

ನನ್ನ ಮೊದಲ ತಪ್ಪು ಇಪ್ಪತ್ತರ ತೋಟಾವನ್ನು ಹನ್ನೆರಡರ ಡ್ರಾಯರಿನಲ್ಲಿ ಇಟ್ಟದ್ದು. ಇಪ್ಪತ್ತು ಸಣ್ಣ ಕೋವಿಯ ತೋಟಾ, ಹನ್ನೆರಡು ದೊಡ್ಡದರದು. ನಂಬಿಯಾರರು ಬೈಯಲಿಲ್ಲ. ಖಾಲಿ ಮಾಡಿದ ಇಪ್ಪತ್ತರ ತೋಟಾವೊಂದನ್ನು ಹನ್ನೆರಡರ ಕೋವಿಗೆ ಹಾಕಿದರು. ಅದು ಜಾರಿ ಮುಂದೆ ಹೋಗಿ ಕಾಣೆಯಾಯಿತು. "ಈಗ ಗಿರಾಕಿ ಏನಂತಾನೆ? ಓ, ತುಂಬಲು ಮರೆತೆ ಅಂತಾನೆ. ಹಿಂದೆ ಇನ್ನೊಂದು ತುಂಬ್ತಾನೆ. ಹೊಡೀತಾನೆ. ನಳಿಗೆ ಒಡೆದು ಕೈ ಹೋಗ್ತದೆ." ಆಮೇಲೆ ನಾನು ಎಂದೂ ಆ ಎರಡನ್ನು ಒಂದೇ ಬೀರುವಿನಲ್ಲೂ ಇಡಲಿಲ್ಲ. ಮಗಳೇ, ನೀನೂ ಇಡಬೇಡ.

ಎರಡನೆಯ ತಪ್ಪಿನ ಕಥೆ ಉದ್ದ.

ಆಗಿನ ತೋಟಾಗಳ ಕವಚ ಕಾಗದದ್ದು. ನಮ್ಮ ಮಳೆಗಾಲದಲ್ಲಿ ತೇವ ಕುಡಿದು ಊದಿಕೊಂಡರೆ ಕೋವಿಯೊಳಗೆ ಹೋಗುವುದೇ ಇಲ್ಲ. ಅದಕ್ಕೆ ನಂಬಿಯಾರರು ಮಳೆ ಹಿಡಿಯುವ ಎಡವ ತಿಂಗಳಲ್ಲಿ ಎಲ್ಲ ತೋಟಾಗಳ ಬಾಯಿಗೂ ಮೇಣ ಸವರಿಸುತ್ತಿದ್ದರು. ಮೇಣದ ಕೆಳಗೆ ಅಚ್ಚಾದ ನಂಬರು ಮಸುಕಾಗಿ ಕಾಣದಾಗುತ್ತಿತ್ತು. ಎಲ್ಲವೂ ಒಂದೇ ಕೆಂಪು, ಒಂದೇ ಉದ್ದ. ಮತ್ತೆ ಗುರುತು ಅಂದರೆ ಮುಚ್ಚಳದ ಕಾಳೊಂದೇ. ಮಳೆ ಹಿಂದೆಗೆದ ಮೇಲೆ ಮುಚ್ಚಳಗಳ ತುಕ್ಕನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ, ವಾಪಸು ಮುಚ್ಚುವುದು. ಮುಚ್ಚಿದ ಮೇಲೆ ಒಂದು ಕಟ್ಟುನಿಟ್ಟಿನ ನಿಯಮ: ಪ್ರತಿ ಡಬ್ಬಿಯಿಂದ ಒಂದು ತೋಟಾ ತೆಗೆದು ಕತ್ತರಿಸಿ ಹಿತ್ತಾಳೆ ತಟ್ಟೆಗೆ ಸುರಿಯಬೇಕು. ಜೊತೆಗೆ ಅಳತೆಪಟ್ಟಿ, ನಂಬರಿಗೊಂದರಂತೆ ತೂತು ಕೊರೆದ ಹಿತ್ತಾಳೆಯ ಪಟ್ಟಿ. ಕಾಳು ಯಾವ ತೂತಿನಲ್ಲಿ ಸರಿಯಾಗಿ ಇಳಿಯುತ್ತದೋ ಅದೇ ಅದರ ನಂಬರು. "ಮುಚ್ಚಳವನ್ನ ನಂಬಬೇಡ ಕುಟ್ಟಿ, ಒಂದು ಕತ್ತರಿಸಿ ನೋಡು" ಎನ್ನುತ್ತಿದ್ದರು.

ನಾನು ಸೇರಿದ ಮೂರನೇ ವರ್ಷ ಅವರಿಗೆ ಕಾಮಾಲೆಯಾಗಿ ಮನೆಯಲ್ಲಿ ಮಲಗಿದ್ದರು. ಮುಚ್ಚಳಗಳನ್ನು ನಾನೊಬ್ಬಳೇ ಒಣಗಿಸಿ ಮುಚ್ಚಿದೆ. ಕತ್ತರಿಸುವ ಮೊದಲೇ ಚಂದ್ರಯ್ಯಮಾವ ಬಂದರು. ಹಿಂದೆ ಚೀಲ ಹೊತ್ತು ಕೆಂಚ.

ಕೆಂಚ ಕಾಡಂಚಿನ ಹಾಡಿಯವನು. ನನಗಿಂತ ಹತ್ತು ವರ್ಷ ದೊಡ್ಡವನು. ಬಂಡೆಯ ಜೇನು ಕೀಳುವುದರಲ್ಲಿ ಅವನ ಹೆಸರು ಊರೂರಿಗೆ ಗೊತ್ತು. ಜೇನಿನ ಕಾಲ ಮುಗಿದ ಮೇಲೆ ಮಾವನ ಜೊತೆ ಬಾತು ಎಬ್ಬಿಸಲು ಬರುತ್ತಿದ್ದ.

"ಏನ್ ಕೂಸೇ, ಎರಂಡ ಇಳಿದಾವೆ. ದೊಡ್ಡ ಬಾತೂ ಇದೆ. ಹತ್ತು ಕೊತ್ತಂಬರಿ ಕೊಡು ಬೇಗ, ಬಸ್ಸು ಹಾರನ್ ಹೊಡೀತಾ ಇದೆ" ಎಂದರು ಮಾವ.

"ಮಾವ, ಇನ್ನೂ ಕತ್ತರಿಸಿ ನೋಡಿಲ್ಲ."

"ಬಾತು ಕೊಯ್ಯೋದು ಬಿಟ್ಟು ತೋಟಾ ಕೊಯ್ತಾಳಂತೆ! ಏನ್ಲಾ ಕೆಂಚ, ಕೇಳಿದ್ಯಾ ಕಾನ್ವೆಂಟ್ ಓದು?"

ಕೆಂಚ ನಕ್ಕ. ಕೊತ್ತಂಬರಿ ಅಂಟಿಸಿದ ಡಬ್ಬಿಯಿಂದ ಹತ್ತು ಎಣಿಸಿ ಕೊಟ್ಟೆ. ಆ ವರ್ಷ ತಟ್ಟೆಯ ಸದ್ದು ಕೇಳಲಿಲ್ಲ.

ನಾಲ್ಕನೆಯ ದಿನ ಸುದ್ದಿ ಬಂತು. ನೀರು ನಿಂತ ಗದ್ದೆಬಯಲಿನಲ್ಲಿ, ಮಂಜಿನ ಬೆಳಗಿನಲ್ಲಿ, ಮಾವ ಈಚೆ ಬದುವಿನಲ್ಲಿ ಕೂತಿದ್ದರು. ಕೆಂಚನನ್ನು ಆಚೆ ದಂಡೆಯ ಅತ್ತಿಮರದ ಬುಡದಲ್ಲಿ ನಿಲ್ಲಿಸಿದ್ದರು. ಹಕ್ಕಿ ನೀರಿನ ಮೇಲೆಯೇ ಇರುವಾಗ ಮಾವ ತಗ್ಗಿನಲ್ಲಿ ಈಡು ಹಾರಿಸಿದರು. ಕೆಂಚನ ಎಡಗಣ್ಣಿಗೆ ಒಂದು ಚರೆ, ಮೊಣಕೈಗೆ ಒಂದು. ಅವನು ಕಣ್ಣು ಮುಚ್ಚಿಕೊಂಡು ಮಾವನ ಕೂಗು ಕೇಳಿದ ಕಡೆಗೆ ನಡೆದು ಬಂದು ಜೊಂಡಿನ ನಡುವೆ ಬಿದ್ದಿದ್ದ. ಕಣ್ಣು ಉಳಿಯಲಿಲ್ಲ.

ಮಾವ ಅಂಗಡಿಗೆ ಬಂದು ತಲೆ ಹಿಡಿದುಕೊಂಡು ಕೂತರು. ನಂಬಿಯಾರರು, ಇನ್ನೂ ಹಳದಿ ಕಣ್ಣಿನಲ್ಲೇ, ನನ್ನನ್ನು ಕೇಳಿದರು. "ಏನು ಕೊಟ್ಟಿದ್ದೆ?"

"ಕೊತ್ತಂಬರಿ."

"ಬದುವಿನಿಂದ ಅತ್ತಿಮರಕ್ಕೆ ಎಷ್ಟು ಹೆಜ್ಜೆ ಗೌಡರೇ?"

"ನೂರ ನಲವತ್ತು."

ಅವರು ಬೆರಳಿನಲ್ಲಿ ಲೆಕ್ಕ ಹಾಕಿದರು. "ಅಷ್ಟು ದೂರದಲ್ಲಿ ನಾಲ್ಕನೇ ನಂಬರು ಚರ್ಮದೊಳಗೆ ಹೋಗೋದಿಲ್ಲ. ಅವನು ಮುಂದೆ ಬಂದಿರಬೇಕು."

"ನಾನೂ ಅದೇ ಹೇಳೋದು" ಎಂದರು ಮಾವ. ಅವರ ದನಿಯಲ್ಲಿ ಭಾರ ಇಳಿದದ್ದು ನನಗೆ ಕೇಳಿಸಿತು. "ಜೊಂಡಿನಲ್ಲೇ ಬಿದ್ದಿದ್ದ. ಬಿದ್ದ ಹಕ್ಕಿ ಎತ್ತೋ ಆಸೆಗೆ ಜಾಗ ಬಿಟ್ಟು ಬಂದವ್ನೆ."

ಮಾರನೆಯ ವಾರ, ಅಂಗಡಿಯಲ್ಲಿ ಒಬ್ಬಳೇ ಇದ್ದಾಗ, ಕೊತ್ತಂಬರಿ ಡಬ್ಬಿಯಿಂದ ಒಂದು ತೋಟಾ ಕತ್ತರಿಸಿದೆ. ಕಾಳುಗಳು ತಟ್ಟೆಯಲ್ಲಿ ಪುಟಿದವು, ಅಂಚಿನವರೆಗೆ ಉರುಳಿ ಟಕ್ಕೆಂದು ನಿಂತವು. ಅಳತೆಪಟ್ಟಿ ಬೇಕಾಗಿರಲಿಲ್ಲ. ಮುಚ್ಚಳ ಮುಚ್ಚುವಾಗ ಮೆಣಸಿನದನ್ನು ಕೊತ್ತಂಬರಿಗೆ, ಕೊತ್ತಂಬರಿಯದನ್ನು ಮೆಣಸಿಗೆ ಹಾಕಿದ್ದೆ. ಮಕ್ಕಳು ಚಪ್ಪಟೆ ಕಲ್ಲು ಬೀಸಿ ನೀರಿನ ಮೇಲೆ ಕುಪ್ಪಳಿಸುತ್ತಾರಲ್ಲ, ತಗ್ಗಿನಲ್ಲಿ ಹೊಡೆದ ಚರೆಯೂ ಹಾಗೆಯೇ ಹಾರುತ್ತದೆ. ಕೊತ್ತಂಬರಿಯಾಗಿದ್ದರೆ ಅಷ್ಟು ದೂರಕ್ಕೆ ಶಕ್ತಿ ಸೋರಿ ಅಂಗಿಗೆ ತಗುಲಿ ಉದುರುತ್ತಿತ್ತು. ಮೆಣಸಿಗೆ ಆ ದೂರ ದೂರವೇ ಅಲ್ಲ. ಕೆಂಚ ಅತ್ತಿಮರದ ಬುಡದಲ್ಲೇ ಇದ್ದ.

ಎರಡು ಮುಚ್ಚಳಗಳನ್ನು ಅದಲುಬದಲು ಮಾಡಿ ಸರಿಯಾಗಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಆಫ್ಟರ್ ಆಲ್, ಕೋವಿ ಅಂಗಡಿಯಲ್ಲಿ ಹೆಣ್ಣುಮಗಳು ಏಕೆ ಎಂದು ಕೇಳುವವರು ಬೀದಿಯಲ್ಲೆಲ್ಲ ಇದ್ದರು. ನಂಬಿಯಾರರು ಆ ಪ್ರಶ್ನೆಗೆ ಉತ್ತರವಾಗಿ ನನ್ನನ್ನು ತೋರಿಸುತ್ತಿದ್ದರು.

ಕೆಂಚ ಬಂದದ್ದು ಮುಂದಿನ ಬೇಸಿಗೆಯಲ್ಲಿ. ತಾನಾಗಿ, ಒಬ್ಬನೇ. ಕೌಂಟರಿನ ಮೇಲೆ ಒಂದು ಎಲೆಯ ಪೊಟ್ಟಣ ಬಿಚ್ಚಿದ. ಒಳಗೆ ಒಂದು ಕಾಳು ಸೀಸ.

"ಅವ್ವಾ, ಇದು ಯಾವ ಬೀಜದ್ದು ನೋಡಿ ಹೇಳು."

"ಎಲ್ಲಿ ಸಿಕ್ತು ಕೆಂಚ?"

"ಸಿಕ್ಕದೇನು, ಇಲ್ಲೇ ಇತ್ತಲ್ಲ." ಮೊಣಕೈ ತೋರಿಸಿದ. "ನಿಂಬೆಮುಳ್ಳಲ್ಲಿ ತೆಗ್ದೆ. ಕಣ್ಣಿಂದು ಆಸ್ಪತ್ರೇಲಿ ಹೋಯ್ತು, ಇದು ಉಳೀತು. ನಾ ಮರದ ಬುಡ ಬಿಟ್ಟಿಲ್ಲ ಅವ್ವಾ. ಗೌಡ್ರು ಬಿಟ್ಟೆ ಅಂತವ್ರೆ. ಕೊತ್ಮರಿ ಅಲ್ಲಿಗಂಟ ಬರಾಕಿಲ್ಲ ಅಂತ ಮುದಲಾಳೀನೂ ಅಂದ್ರಂತೆ. ಇದು ಕೊತ್ಮರಿನಾ?"

"ಈಗ ಯಾಕೆ ಅದು?"

"ಒಂದು ಕಣ್ಣಲ್ಲಿ ಬಂಡೆ ಇಳಿಯಾಕಾಗಾಕಿಲ್ಲ. ದೂರ ಎಷ್ಟು, ಹತ್ರ ಎಷ್ಟು, ತಿಳೀತಿಲ್ಲ. ಇನ್ನು ಬಸವ ಇಳೀಬೇಕು, ನಾ ಮೇಲೆ ಹಗ್ಗ ಹಿಡೀಬೇಕು." ಬಸವ ಅವನ ಹೆಂಡತಿಯ ತಮ್ಮ. ಅವರಲ್ಲಿ ಜೇನಿಗೆ ಇಳಿಯುವವನ ಹಗ್ಗವನ್ನು ಅಕ್ಕತಂಗಿಯರ ಗಂಡನೋ ಹೆಂಡತಿಯ ಅಣ್ಣತಮ್ಮನೋ ಹಿಡಿಯಬೇಕು. ಹೆಣ್ಣು ಕೊಟ್ಟು ತಂದವರು ಹಗ್ಗ ಬಿಡುವುದಿಲ್ಲ ಎಂಬ ನಂಬಿಕೆ. "ಬಸವ ಏನಂತಾನೆ ಗೊತ್ತಾ? ನಿಂತ ಜಾಗದಲ್ಲಿ ನಿಲ್ದವನ ಕೈಗೆ ನನ್ನ ಹಗ್ಗ ಕೊಡಾಕಿಲ್ಲ ಅಂತಾನೆ. ಬೀಜ ಯಾವ್ದು ಅಂತ ನೀ ಹೇಳಿದ್ರೆ ಅವಂಗೆ ಹೇಳ್ತೀನಿ."

ಅಳತೆಪಟ್ಟಿ ತೆಗೆದೆ. ನಾಲ್ಕರ ತೂತಿನ ಮೇಲೆ ಕಾಳು ಇಟ್ಟೆ. ಕೂತಿತು, ಇಳಿಯಲಿಲ್ಲ. ಬಿಬಿಯ ತೂತಿನಲ್ಲಿ ಇಳಿದು ನನ್ನ ಅಂಗೈಗೆ ಬಿತ್ತು. ಒಳಗಿನ ಕೋಣೆಯಲ್ಲಿ ನಂಬಿಯಾರರು ಅರ ಉಜ್ಜುತ್ತಿದ್ದುದು ನಿಂತಿತು. ಅವರು ಕೇಳುತ್ತಿದ್ದಾರೆ ಎಂದುಕೊಂಡೆ. ಕೇಳುತ್ತಿದ್ದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

"ಕೊತ್ತಂಬರಿಯೇ" ಎಂದೆ.

ಕೆಂಚ ಉಳಿದ ಒಂದು ಕಣ್ಣಿನಲ್ಲಿ ನನ್ನ ಕೈಯನ್ನೇ ನೋಡಿದ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹಂಗಾರೆ ನಾನೇ ಮುಂದೆ ಬಂದಿದ್ನೇನೋ" ಎಂದ. "ಮಂಜಿತ್ತಲ್ಲ. ಗ್ಯಾನ ಇರಲಿಲ್ವೇನೋ." ಕಾಳು ತೆಗೆದುಕೊಳ್ಳಲಿಲ್ಲ. "ನೀನೇ ಇಟ್ಕೋ ಅವ್ವಾ. ನಂಗ್ಯಾಕೆ."

ಅವನು ಆಮೇಲೆ ಹಗ್ಗ ಹಿಡಿಯಲಿಲ್ಲ. ಶುಂಠಿ ಗದ್ದೆಗಳಲ್ಲಿ ಕಳೆ ಕೀಳುವ ಕೂಲಿಗೆ ಹೋದ.

ಉಳಿದದ್ದು ಕೆಲಸದ ಚರಿತ್ರೆ, ಬೇಗ ಹೇಳುತ್ತೇನೆ. ಕಾನೂನು ಬಂತು, ಬಾತಿನ ಬೇಟೆ ನಿಂತಿತು. ರಾಗಿ, ಸಾಸಿವೆಯ ಡಬ್ಬಿಗಳು ಖಾಲಿಯಾಗಿ ಮತ್ತೆ ತುಂಬಲಿಲ್ಲ. ಪ್ಲಾಸ್ಟಿಕ್ ಕವಚದ ತೋಟಾ ಬಂತು. ತೇವಕ್ಕೆ ಊದುವುದಿಲ್ಲ, ಮೇಣ ಬೇಡ, ನಂಬರು ಪಕ್ಕದಲ್ಲೇ ದಪ್ಪಕ್ಷರದಲ್ಲಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಗಿಡ್ಡ, ಹೊಸ ತೋಟಾ ಉದ್ದ. ಅದನ್ನು ನೋಡದೆ ಕೊಟ್ಟರೆ ಕೋವಿಗೆ ಪೆಟ್ಟು. ಹಾಗಾಗಿ ಕೇಳುವ ಪ್ರಶ್ನೆ ಬದಲಾಯಿತು, ಕೇಳಬೇಕಾದ್ದು ತಪ್ಪಲಿಲ್ಲ. ನಂಬಿಯಾರರು ತೀರಿಕೊಂಡರು, ಮಾವನೂ. ನಂಬಿಯಾರರ ಮಗ ಸ್ಟೀಲ್ ಬೀರು ತಂದ. ನಾನು ಮಾತ್ರ ಪ್ರತಿ ಹೊಸ ಪೆಟ್ಟಿಗೆಯಿಂದ ಒಂದು ತೋಟಾ ಕತ್ತರಿಸುತ್ತಲೇ ಇದ್ದೆ. "ಮಿಸ್, ಇದು ವೇಸ್ಟ್ ಅಲ್ವಾ?" ಎಂದು ಅವನು ಕೇಳುತ್ತಿದ್ದ. ನಾನು ಕಾಳನ್ನು ತಟ್ಟೆಗೆ ಸುರಿಯುತ್ತಿದ್ದೆ.

ನಿವೃತ್ತಿಯ ದಿನ ಅವನು ಶಾಲಿನ ಜೊತೆ ಆ ಹಿತ್ತಾಳೆಯ ಅಳತೆಪಟ್ಟಿಯನ್ನೂ ಕೊಟ್ಟ. "ಅಪ್ಪನ ನೆನಪಿಗೆ" ಎಂದ. ಮನೆಯಲ್ಲಿ ಅದನ್ನು ಎಲ್ಲಿಟ್ಟರೂ ಕಣ್ಣಿಗೆ ಬೀಳುತ್ತಿತ್ತು. ಸೂಜಿದಾರದ ಡಬ್ಬಿಯೊಳಗೆ ಆ ಒಂದು ಕಾಳು ಅಷ್ಟು ವರ್ಷವೂ ಇತ್ತು. ಎರಡನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ಒಂದು ಬೆಳಿಗ್ಗೆ ಜೀಪು ಮಾಡಿಕೊಂಡು ಹಾಡಿಗೆ ಹೋದೆ.

ಕೆಂಚ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು. ದನಿಯಲ್ಲೇ ನನ್ನ ಗುರುತು ಹಿಡಿದ. ನಿಂತುಕೊಂಡೇ ಹೇಳಿದೆ. ಅದು ಮೆಣಸು. ನನ್ನ ಕೈಯಲ್ಲಿ ಮುಚ್ಚಳ ಅದಲುಬದಲಾಗಿತ್ತು. ನೀನು ಬಂದು ಕೇಳುವಾಗಲೂ ನನಗೆ ಗೊತ್ತಿತ್ತು. ಸಾರಿ ಎಂಬ ಮಾತು ಇಂಗ್ಲಿಷಿನಲ್ಲೇ ಬಂತು; ಅವನು ಅದರ ಕಡೆ ಗಮನ ಕೊಡಲಿಲ್ಲ.

"ಹಂಗಾರೆ ನಾ ಅಲ್ಲೇ ನಿಂತಿದ್ನಾ?" ಎಂದು ಕೇಳಿದ.

"ಅಲ್ಲೇ ನಿಂತಿದ್ದೆ ಕೆಂಚಣ್ಣ."

ಕತ್ತಿ ಕೆಳಗಿಟ್ಟ. "ಇಲ್ಲಿ ಬೇಡ. ಬಾ" ಎಂದು ನನ್ನನ್ನು ನಾಲ್ಕು ಮನೆ ಆಚೆ ಕರೆದುಕೊಂಡು ಹೋದ. ಬಸವ ಬೆಂಕಿಯ ಪಕ್ಕ ಕೂತಿದ್ದ, ಕಿವಿ ಮಂದ. "ಇನ್ನೊಂದು ದಪ ಹೇಳು. ಜೋರಾಗಿ" ಎಂದ ಕೆಂಚ. ಕೌಂಟರಿನಲ್ಲೂ ಎಂದೂ ಎತ್ತದ ದನಿಯಲ್ಲಿ ಹೇಳಿ, ನಾಲ್ಕರ ತೂತನ್ನೂ ಬಿಬಿಯದನ್ನೂ ತೋರಿಸಿದೆ. ಸುತ್ತಲಿನ ಮನೆಗಳಿಂದ ಜನ ಹೊರಗೆ ಬಂದರು. ಬಸವ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಂಡು ಕಾಳನ್ನು ನಾಲ್ಕರ ತೂತಿಗೆ ಒತ್ತಿ ನೋಡಿದ, ಬಿಬಿಯ ತೂತಿಗೆ ಹಾಕಿದ. ಮೂರು ಸಲ ಹಾಗೆ ಮಾಡಿದ. ಮೂರು ಸಲವೂ ಕಾಳು ಅವನ ಅಂಗೈಗೆ ಬಿತ್ತು.

ಕಾಳನ್ನು ಮುಷ್ಟಿಯಲ್ಲಿ ಹಿಡಿದು ಅವನು ಭಾವನ ಕಡೆ ತಿರುಗಿದ. "ಏನ್ ಭಾವ, ಇನ್ ಮೇಲೆ ಹಗ್ಗ ಹಿಡೀತೀಯಾ?"

"ಈಗ ಹಿಡಿದ್ರೆ ಇಬ್ರೂ ಒಟ್ಗೆ ಹೋಯ್ತೀವಿ" ಎಂದ ಕೆಂಚ.

ಇಬ್ಬರೂ ನಕ್ಕರು. ಬಸವ ನಗುತ್ತಲೇ ಮುಖ ಒರೆಸಿಕೊಂಡ. ನನ್ನ ಕಡೆ ಯಾರೂ ನೋಡಲಿಲ್ಲ. ಅದು ಸರಿಯಾಗಿಯೇ ಇತ್ತು. ಅಳತೆಪಟ್ಟಿಯನ್ನು ಅಲ್ಲೇ ಬಿಟ್ಟು ಬಂದೆ.

ಮಗಳೇ, ನಂಬರು ಪಕ್ಕದಲ್ಲೇ ಅಚ್ಚಾಗಿದ್ದರೂ ಒಂದು ಕತ್ತರಿಸಿ ನೋಡು. ತಪ್ಪಿದ್ದು ಕಂಡರೆ ಆವತ್ತೇ ಹೇಳು.

ಕೆಂಚ ಜೀಪು ನಿಂತಿದ್ದ ಹಲಸಿನಮರದವರೆಗೆ ಬಂದ. ಹನಿ ಬೀಳುತ್ತಿತ್ತು. "ನೀನು ಒಳಗೆ ಹೋಗು, ನೆನೀತೀಯ" ಎಂದೆ. ಜೀಪು ಇಳಿಜಾರು ಇಳಿದು, ತೋಡು ದಾಟಿ, ಎದುರು ಏರಿನ ತಿರುವಿಗೆ ಬಂದಾಗ ತಿರುಗಿ ನೋಡಿದೆ. ಮಳೆ ಜೋರಾಗಿತ್ತು. ನಾನು ಅವನನ್ನು ಬಿಟ್ಟು ಬಂದ ಹಲಸಿನಮರದ ಬುಡದಲ್ಲಿ, ಅದೇ ಜಾಗದಲ್ಲಿ, ಕೆಂಚ ನಿಂತಿದ್ದ.